ವ್ಯಾಕ್ಯೂಮ್ ಕ್ಲೀನರ್ ಮತ್ತು ಒಂದು ತುಂಡು ಬಟ್ಟೆ

ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾನು ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಸ್ವತಃ ರಿಪೇರಿ ಮಾಡಿದೆ. ರಿಪೇರಿಯಾದ ಮೇಲೆ ಯಂತ್ರ ಮೊದಲಿಗಿಂತ ಜೋರಾಗಿ ಧೂಳನ್ನು ಎಳೆಯತೊಡಗಿತು. ನನ್ನ ಹೆಂಡತಿಯ ಉಬ್ಬಸವೂ ಮೊದಲಿಗಿಂತ ಜೋರಾಯಿತು. ಈ ಎರಡಕ್ಕೂ ಇದ್ದ ಸಂಬಂಧ ನನಗೆ ಹೊಳೆಯಲು ಆರು ವಾರ ಬೇಕಾಯಿತು. ಹೊಳೆದ ಮೇಲೆ, ಈ ಯಂತ್ರ ಹುಟ್ಟಿ ಬೆಳೆದ ಚರಿತ್ರೆಯನ್ನು ಹುಡುಕಿ ಓದಿದೆ. ನಾನು ಎಡವಿದ ಜಾಗದಲ್ಲಿಯೇ ಅದನ್ನು ಕಂಡುಹಿಡಿದವರೆಲ್ಲರೂ ನಿಂತು ಯೋಚಿಸಿದ್ದರು ಎಂಬುದು ಆಗ ತಿಳಿಯಿತು. ಆ ಚರಿತ್ರೆಯನ್ನೂ ನನ್ನ ತಪ್ಪನ್ನೂ ಒಟ್ಟಿಗೆ ಬರೆದಿಡುವುದು ಒಳ್ಳೆಯದೆನಿಸಿತು. ನನ್ನ ಹಳೆಯ ವಿದ್ಯಾರ್ಥಿಗಳು ಓದಿ ನಕ್ಕರೂ ಚಿಂತೆಯಿಲ್ಲ, ತಮ್ಮ ಮನೆಯ ಯಂತ್ರವನ್ನು ಒಮ್ಮೆ ಬಿಚ್ಚಿ ನೋಡಿದರೆ ಸಾಕು.

ನಮ್ಮ ದೇಶದ ಸಾಮಾನ್ಯ ಮನೆಗಳಿಗೆ ಈ ಯಂತ್ರ ಹೆಚ್ಚಾಗಿ ಬಂದದ್ದು 1980ರ ದಶಕದಲ್ಲಿ. 1982ರಲ್ಲಿ ಸ್ಥಾಪನೆಯಾದ ಯುರೇಕಾ ಫೋರ್ಬ್ಸ್ ಕಂಪನಿಯ ಹುಡುಗರು ಟೈ ಕಟ್ಟಿಕೊಂಡು, ಯಂತ್ರವನ್ನು ಹೊತ್ತುಕೊಂಡು ಮನೆಮನೆಯ ಬಾಗಿಲು ತಟ್ಟುತ್ತಿದ್ದುದು ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು. ನಮ್ಮ ಹಾಸಿಗೆಯ ಮೇಲೆಯೇ ಯಂತ್ರ ಓಡಿಸಿ, ಅದರಿಂದ ಬಂದ ಧೂಳನ್ನು ನಮಗೇ ತೋರಿಸಿ, ನಾಚುವಂತೆ ಮಾಡಿ ಹೋಗುತ್ತಿದ್ದರು. ನಾವು ಆಗ ಕೊಳ್ಳಲಿಲ್ಲ. ಮೇಷ್ಟ್ರ ಸಂಬಳಕ್ಕೆ ಅದು ನಿಲುಕುವ ವಸ್ತುವಾಗಿರಲಿಲ್ಲ. ನೆಲಕ್ಕೆ ಕೆಂಪು ಕಾವಿ, ಗುಡಿಸಲು ಪೊರಕೆ, ಒರೆಸಲು ಒದ್ದೆ ಬಟ್ಟೆ ಇರುವಾಗ ಅದರ ಅಗತ್ಯವೂ ಕಾಣಲಿಲ್ಲ.

1998ರಲ್ಲಿ ಅಗತ್ಯ ಕಂಡಿತು. ನನ್ನ ಹೆಂಡತಿಗೆ ಉಬ್ಬಸವಿರುವುದು ಆ ವರ್ಷ ಖಚಿತವಾಯಿತು. ಪೊರಕೆ ಹಿಡಿದರೆ ಕೆಮ್ಮು, ಪುಸ್ತಕದ ಕಪಾಟು ಕೊಡವಿದರೆ ಕೆಮ್ಮು, ಹಾಸಿಗೆ ಜಾಡಿಸಿದ ರಾತ್ರಿ ನಿದ್ದೆಯೇ ಇಲ್ಲ. ವೈದ್ಯರು ಧೂಳಿನಿಂದ ದೂರವಿರಬೇಕೆಂದರು. ಪೇಟೆಯ ಅಂಗಡಿಯೊಂದರಲ್ಲಿ, ಬೇರೊಂದು ಕಂಪನಿಯ ಯಂತ್ರವನ್ನು ಕಂತಿನ ಮೇಲೆ ಕೊಂಡೆವು. ಅಂದಿನಿಂದ ಮನೆಯಲ್ಲಿ ಧೂಳು ತೆಗೆಯುವ ಕೆಲಸ ನನ್ನದಾಯಿತು. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಹಾಸಿಗೆ, ಸೋಫಾ, ಪರದೆ, ಕಪಾಟು, ಮಂಚದಡಿ, ಹೀಗೆ ಕ್ರಮವಾಗಿ ಮಾಡಿಕೊಂಡು ಬರುತ್ತಿದ್ದೆ. ಹಲವು ವರ್ಷ ಆ ಯಂತ್ರ ಮತ್ತು ಒಂದು ಇನ್‌ಹೇಲರ್ ಅವಳ ಉಬ್ಬಸವನ್ನು ಹದ್ದಿನಲ್ಲಿಟ್ಟಿದ್ದವು.

ಕಳೆದ ನವೆಂಬರಿನಲ್ಲಿ ಬಚ್ಚಲುಮನೆಯ ಟೈಲ್ಸ್ ಬದಲಾಯಿಸಿದೆವು. ಕೆಲಸದವರು ಹೋದ ಮೇಲೆ ಉಳಿದ ಬಿಳಿ ಸಿಮೆಂಟಿನ ಪುಡಿಯನ್ನು ನಾನು ಯಂತ್ರದಿಂದಲೇ ಎಳೆದೆ. ದೀಪಾವಳಿಯ ರಂಗೋಲಿ ಪುಡಿ ಮೂಲೆಯಲ್ಲಿ ಚೆಲ್ಲಿದ್ದುದನ್ನೂ ಎಳೆದಿದ್ದೆ. ಅದಾದ ಎರಡು ವಾರಕ್ಕೆ ಯಂತ್ರ ಕೂಗುತ್ತಿತ್ತೇ ಹೊರತು ಒಂದು ಕೂದಲೆಳೆಯನ್ನೂ ಎತ್ತುತ್ತಿರಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದರೆ, "ಇಷ್ಟು ಹಳೇ ಮಾಡೆಲ್ಲಾ? ಹೊಸದು ತಗೊಂಡುಬಿಡಿ ಸಾರ್" ಎಂದ. ವಿಜ್ಞಾನದ ಮೇಷ್ಟ್ರಿಗೆ ಇದು ಅವಮಾನವೆನಿಸಿತು. ನಾನೇ ಕೈಹಾಕಿದೆ.

ನಾನು ಆರಂಭಿಸಿದ ಕ್ರಮವೇನೋ ಸರಿಯಾಗಿಯೇ ಇತ್ತು. ಅದನ್ನು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಮೊದಲು ದನಿಯನ್ನು ಕೇಳಬೇಕು. ಚೆನ್ನಾಗಿರುವ ಯಂತ್ರದ ಕೊಳವೆಯ ಬಾಯನ್ನು ಅಂಗೈಯಿಂದ ಮುಚ್ಚಿದರೆ ಮೋಟಾರಿನ ದನಿ ಏರುತ್ತದೆ. ಪಾಪ, ಕಷ್ಟಪಟ್ಟು ಕೂಗುತ್ತಿದೆ ಎಂದು ಎಲ್ಲರೂ ತಿಳಿಯುತ್ತಾರೆ. ನಿಜಕ್ಕೂ ಆಗ ಅದಕ್ಕೆ ಕೆಲಸ ಕಡಿಮೆ. ಒಳಗಿನ ಫ್ಯಾನಿಗೆ ತಳ್ಳಲು ಸಾಕಷ್ಟು ಗಾಳಿ ಇಲ್ಲದಿರುವುದರಿಂದ, ನೊಗ ಕಳಚಿದ ಎತ್ತಿನಂತೆ ಮೋಟಾರ್ ವೇಗವಾಗಿ ಓಡುತ್ತದೆ. ಆದುದರಿಂದ ಎಳೆತವಿಲ್ಲದೆ ದನಿ ಏರಿದ್ದರೆ ಎಲ್ಲೋ ದಾರಿ ಕಟ್ಟಿದೆ ಎಂದರ್ಥ. ದನಿ ಎಂದಿನಂತೆಯೇ ಇದ್ದು ಎಳೆತವಿಲ್ಲದಿದ್ದರೆ ಎಲ್ಲೋ ಬಿರುಕು ಬಿಟ್ಟು, ಗಾಳಿ ಅಡ್ಡದಾರಿಯಲ್ಲಿ ಒಳಬರುತ್ತಿದೆ ಎಂದರ್ಥ. ನಮ್ಮದರ ದನಿ ಏರಿತ್ತು.

ಎರಡನೆಯದು, ದಾರಿ ಎಲ್ಲಿ ಕಟ್ಟಿದೆ ಎಂದು ನೋಡುವುದು. ಕೊಳವೆಯನ್ನು ಕಳಚಿ, ಯಂತ್ರದ ಬಾಯಿಗೇ ಅಂಗೈ ಒಡ್ಡಬೇಕು. ಅಲ್ಲಿ ಎಳೆತ ಚೆನ್ನಾಗಿದ್ದರೆ ದೋಷ ಕೊಳವೆಯದು. ಪ್ಲಗ್ ಕಿತ್ತು, ಕೊಳವೆಯೊಳಗೆ ಒಂದು ಗೋಲಿಯನ್ನು ಉರುಳಿಬಿಟ್ಟರೆ ಗೊತ್ತಾಗುತ್ತದೆ, ಅದು ಇನ್ನೊಂದು ತುದಿಯಲ್ಲಿ ಬೀಳದಿದ್ದರೆ ಅಲ್ಲೇ ಕಸ ಸಿಕ್ಕಿಕೊಂಡಿದೆ. ನಮ್ಮ ಗೋಲಿ ಸರಾಗವಾಗಿ ಬಿತ್ತು. ಯಂತ್ರದ ಬಾಯಲ್ಲೂ ಎಳೆತವಿರಲಿಲ್ಲ. ಅಂದರೆ ದೋಷ ಹೊಟ್ಟೆಯಲ್ಲಿ.

ಮೂರನೆಯದು ಧೂಳಿನ ಚೀಲ. ಬಿಚ್ಚಿ ಕೊಡವಿದೆ. ಅದು ಅರ್ಧ ಕೂಡ ತುಂಬಿರಲಿಲ್ಲ, ಆದರೆ ಬಟ್ಟೆಯ ಒಳಮೈ ಸುಣ್ಣ ಬಳಿದ ಗೋಡೆಯಂತಾಗಿತ್ತು. ಚೀಲ ತುಂಬಿದಾಗ ಮಾತ್ರ ಯಂತ್ರ ಸೋಲುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸಿಮೆಂಟು, ರಂಗೋಲಿ, ಬೂದಿ, ಹಿಟ್ಟು ಮೊದಲಾದ ನುಣುಪು ಪುಡಿಗಳು ಬಟ್ಟೆಯ ಕಣ್ಣುಗಳಲ್ಲೇ ಕೂತುಬಿಡುತ್ತವೆ. ಒಂದು ಹಿಡಿ ಪುಡಿ ಸಾಕು, ಗಾಳಿ ಹೋಗಲು ದಾರಿಯೇ ಇರುವುದಿಲ್ಲ. ಹೆಚ್ಚಿನ ಯಂತ್ರಗಳಲ್ಲಿ ಮೋಟಾರನ್ನು ತಣ್ಣಗಿಡುವುದೂ ಈ ಗಾಳಿಯೇ. ಹೀಗಾಗಿ ದಾರಿ ಕಟ್ಟಿದ ಯಂತ್ರವನ್ನು ಓಡಿಸುತ್ತಲೇ ಇದ್ದರೆ ಮೋಟಾರ್ ಬಿಸಿಯಾಗಿ ತಾನೇ ನಿಂತುಬಿಡುತ್ತದೆ, ಅಥವಾ ಸುಟ್ಟುಹೋಗುತ್ತದೆ.

ಚೀಲದ ಹಿಂದೆ, ಮೋಟಾರಿನ ಮುಂದೆ, ಸ್ಪಂಜಿನಂಥ ಒಂದು ಕರಿಯ ತುಂಡು ಇತ್ತು. ಗಾಳಿ ಹೊರಹೋಗುವ ಹಿಂಬದಿಯ ಕಿಂಡಿಯಲ್ಲಿ ಬಿಳಿಯ ದಪ್ಪ ಕಾಗದದಂಥ ಇನ್ನೊಂದು ಫಿಲ್ಟರ್ ಇತ್ತು. ಎರಡೂ ಮೆತ್ತಿಕೊಂಡು ಹಲ್ಲೆಯಂತಾಗಿದ್ದವು. ಇಲ್ಲಿ ನಾನು ತಪ್ಪಿದೆ. ಅವೆರಡನ್ನೂ ತೆಗೆದಿಟ್ಟು ಯಂತ್ರ ಓಡಿಸಿದೆ. ಆಹಾ, ಎಂಥ ಎಳೆತ! ನೆಲದ ಚಾಪೆಯೇ ಎದ್ದು ಬಂತು. ಗಾಳಿಗೆ ಅಡ್ಡಿಯಾಗಿದ್ದುದೇ ಇವು, ಚೀಲವಿರುವಾಗ ಇವೇಕೆ ಎಂದು ತೀರ್ಮಾನಿಸಿ ಎರಡನ್ನೂ ಕಸದ ಬುಟ್ಟಿಗೆ ಹಾಕಿದೆ. "ಹೊಸದು ತಗೋಬೇಕಂತೆ" ಎಂದು ಅಂಗಡಿಯವನನ್ನು ಹಾಸ್ಯ ಮಾಡಿ, ಹೆಂಡತಿಯ ಮುಂದೆ ಹೆಮ್ಮೆಪಟ್ಟುಕೊಂಡೆ.

ಡಿಸೆಂಬರಿನಲ್ಲಿ ಅವಳ ಕೆಮ್ಮು ಹೆಚ್ಚಾಯಿತು. ಚಳಿ ಎಂದೆ. ಮನೆಯ ಮುಂದೆ ರಸ್ತೆ ಅಗೆದಿದ್ದರು, ಅದರ ಧೂಳು ಎಂದೆ. "ರೀ, ನೀವು ಮೆಷಿನ್ ಹಾಕಿದ ದಿನವೇ ಹೆಚ್ಚಾಗುತ್ತೆ" ಎಂದು ಅವಳು ಎರಡು ಸಲ ಹೇಳಿದಳು. "ಅದು ಧೂಳು ತೆಗೆಯೋ ಯಂತ್ರ, ಧೂಳು ಮಾಡೋ ಯಂತ್ರ ಅಲ್ಲ" ಎಂದು ಪಾಠ ಹೇಳಿದೆ. ಅವಳು ಸುಮ್ಮನಾದಳು. ಅವಳಿಗಾಗಿ ಮನೆ ಇನ್ನಷ್ಟು ಸ್ವಚ್ಛವಾಗಿರಲಿ ಎಂದು ಭಾನುವಾರದ ಜೊತೆಗೆ ಬುಧವಾರವೂ ಯಂತ್ರ ಓಡಿಸತೊಡಗಿದೆ. ಜನವರಿಯ ಒಂದು ಬುಧವಾರ ರಾತ್ರಿ ಎರಡು ಗಂಟೆಗೆ ಅವಳಿಗೆ ಉಸಿರೇ ಎಳೆಯಲಾಗದೆ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಮುಖಕ್ಕೆ ಮುಸುಕು ಹಾಕಿ, ಔಷಧಿಯ ಹಬೆ ಕೊಟ್ಟು, ಬೆಳಗಿನವರೆಗೆ ಇರಿಸಿಕೊಂಡರು. ಆ ರಾತ್ರಿ ಬೆಂಚಿನ ಮೇಲೆ ಕುಳಿತು ನಾನು ಎಣಿಸಿದ್ದು ಅವಳ ಉಸಿರುಗಳನ್ನು ಮಾತ್ರ.

ಅವಳನ್ನು ಮಗಳ ಮನೆಯಲ್ಲಿ ಬಿಟ್ಟು, ಅವಳು ಬರುವ ಮೊದಲು ಕೋಣೆ ಸ್ವಚ್ಛ ಮಾಡೋಣವೆಂದು ಬೆಳಿಗ್ಗೆ ಯಂತ್ರ ಹಾಕಿದೆ. ಪೂರ್ವದ ಕಿಟಕಿಯಿಂದ ಎಳೆಬಿಸಿಲು ಓರೆಯಾಗಿ ಬೀಳುತ್ತಿತ್ತು. ಆ ಬಿಸಿಲಿನ ಪಟ್ಟಿಯಲ್ಲಿ, ಯಂತ್ರದ ಹಿಂಬದಿಯ ಕಿಂಡಿಯಿಂದ ಹೊಗೆಯಂಥದ್ದೇನೋ ಏಳುತ್ತಿರುವುದು ಕಂಡಿತು. ಮೋಟಾರ್ ಸುಟ್ಟಿತೆಂದು ಗಾಬರಿಯಾಗಿ ಸ್ವಿಚ್ ಆರಿಸಿದೆ. ಹೊಗೆಯ ವಾಸನೆ ಇರಲಿಲ್ಲ. ಅದು ಧೂಳು. ಕಣ್ಣಿಗೆ ಕಾಣುವ ಕಸ ಚೀಲದಲ್ಲಿ ಉಳಿಯುತ್ತಿತ್ತು, ಕಣ್ಣಿಗೆ ಕಾಣದ ಪುಡಿ ಬಟ್ಟೆಯ ಕಣ್ಣುಗಳನ್ನು ದಾಟಿ, ಮೋಟಾರಿನ ಮೂಲಕ ಹಾದು, ಮಂಚದ ಎತ್ತರಕ್ಕೆ ಏರಿ ಕೋಣೆಯ ತುಂಬ ಹರಡುತ್ತಿತ್ತು. ಬೆಳಕಿನ ಕಿರಣದಲ್ಲಿ ಕಣಗಳು ಕಾಣುವುದಕ್ಕೆ ಟಿಂಡಾಲ್ ಪರಿಣಾಮ ಎಂದು ಎಷ್ಟು ತರಗತಿಗಳಿಗೆ ಪಾಠ ಮಾಡಿದ್ದೆನೋ! ನನ್ನ ಮನೆಯಲ್ಲಿ ಅದನ್ನು ನೋಡಲು ಆರು ವಾರ ತೆಗೆದುಕೊಂಡೆ.

ಆ ದಿನವೇ ಈ ಯಂತ್ರದ ಚರಿತ್ರೆಯನ್ನು ಹುಡುಕಲು ಕುಳಿತೆ.

ಧೂಳಿನ ನಿಜವಾದ ತೊಂದರೆ ಅದನ್ನು ಎಬ್ಬಿಸುವುದರಲ್ಲಿಲ್ಲ, ಎದ್ದದ್ದನ್ನು ಹಿಡಿಯುವುದರಲ್ಲಿದೆ. ನಮ್ಮ ತಾಯಂದಿರಿಗೆ ಇದು ಗೊತ್ತಿತ್ತು. ನನ್ನ ಅಮ್ಮ ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಚಿಮುಕಿಸದೆ ಪೊರಕೆ ಮುಟ್ಟುತ್ತಿರಲಿಲ್ಲ. ಮಣ್ಣಿನ ನೆಲವನ್ನು ಸಗಣಿಯಿಂದ ಸಾರಿಸುವುದರಲ್ಲೂ ಧೂಳನ್ನು ಕಟ್ಟಿಹಾಕುವ ಉಪಾಯವಿತ್ತು. ಆದರೆ ಇಂಗ್ಲೆಂಡ್, ಅಮೆರಿಕಗಳ ಚಳಿಯ ಮನೆಗಳಲ್ಲಿ ನೆಲಕ್ಕೆ ದಪ್ಪ ರತ್ನಗಂಬಳಿ ಹಾಸಿರುತ್ತಿದ್ದರು. ಅದಕ್ಕೆ ನೀರು ಚಿಮುಕಿಸಿ ಗುಡಿಸುವಂತಿಲ್ಲ. ಹೊರಗೆ ಹೊತ್ತೊಯ್ದು, ಹಗ್ಗಕ್ಕೆ ಹಾಕಿ, ಕೋಲಿನಿಂದ ಬಡಿಯಬೇಕಿತ್ತು. ಬಡಿದವರ ಮೂಗಿಗೇ ಅರ್ಧ ಧೂಳು.

ಅಮೆರಿಕದ ಅಯೋವಾ ರಾಜ್ಯದ ಡೇನಿಯಲ್ ಹೆಸ್ ಎಂಬಾತ 1860ರಲ್ಲಿ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ತಿರುಗುವ ಬ್ರಷ್ ಇತ್ತು, ಗಾಳಿ ಎಳೆಯಲು ಕಮ್ಮಾರನ ತಿದಿಯಂಥ ತಿದಿ ಇತ್ತು. ಮುಖ್ಯವಾಗಿ, ಎಳೆದ ಧೂಳನ್ನು ಹಿಡಿಯಲು ನೀರಿನ ಕೋಣೆಗಳಿದ್ದವು. ನನ್ನ ಅಮ್ಮ ಅಂಗಳದಲ್ಲಿ ಮಾಡುತ್ತಿದ್ದುದನ್ನೇ ಆತ ಪೆಟ್ಟಿಗೆಯೊಳಗೆ ಮಾಡಲು ನೋಡಿದ್ದ. 1869ರಲ್ಲಿ ಷಿಕಾಗೋದ ಐವ್ಸ್ ಮೆಕ್‌ಗ್ಯಾಫಿ ಕೈಯಿಂದ ತಿರುಗಿಸುವ ಫ್ಯಾನಿನ ಯಂತ್ರ ಮಾಡಿದ. ಒಂದು ಕೈಯಲ್ಲಿ ಹಿಡಿಕೆ ತಿರುಗಿಸುತ್ತ ಇನ್ನೊಂದರಲ್ಲಿ ಯಂತ್ರವನ್ನು ತಳ್ಳಬೇಕಾದ್ದರಿಂದ ಅದು ಹೆಚ್ಚು ಓಡಲಿಲ್ಲ. ಓಡಿದ್ದು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್ ಊರಿನ ಮೆಲ್ವಿಲ್ ಬಿಸೆಲ್ 1876ರಲ್ಲಿ ಪೇಟೆಂಟ್ ಪಡೆದ ಗಾಲಿಬ್ರಷ್. ಪಿಂಗಾಣಿ ಸಾಮಾನಿನ ಅಂಗಡಿ ಇಟ್ಟಿದ್ದ ಆತನಿಗೆ, ಪಿಂಗಾಣಿಯ ಜೊತೆ ತುಂಬಿ ಬರುತ್ತಿದ್ದ ಮರದ ಪುಡಿ ಗಂಬಳಿಗೆ ಅಂಟಿಕೊಳ್ಳುವುದೇ ದೊಡ್ಡ ತಲೆನೋವಾಗಿತ್ತು. 1889ರಲ್ಲಿ ಆತ ತೀರಿಕೊಂಡ ಮೇಲೆ ಹೆಂಡತಿ ಅನ್ನಾ ಬಿಸೆಲ್ ಕಂಪನಿಯನ್ನು ನಡೆಸಿ ಬೆಳೆಸಿದಳು. ಆದರೆ ಈ ಗಾಲಿಬ್ರಷ್ ಕಸವನ್ನು ಗುಡಿಸಿ ಪೆಟ್ಟಿಗೆಗೆ ಹಾಕುತ್ತಿತ್ತು, ಅಷ್ಟೇ. ನುಣುಪು ಧೂಳು ಎಂದಿನಂತೆ ಗಾಳಿಗೇರುತ್ತಿತ್ತು.

ಇನ್ನು ಲಂಡನ್ನಿಗೆ ಬರೋಣ. 1901ರಲ್ಲಿ ಅಲ್ಲಿನ ಎಂಪೈರ್ ಮ್ಯೂಸಿಕ್ ಹಾಲಿನಲ್ಲಿ ಅಮೆರಿಕದವನೊಬ್ಬ ಧೂಳು ತೆಗೆಯುವ ಹೊಸ ಯಂತ್ರದ ಪ್ರದರ್ಶನ ಕೊಟ್ಟ. ಅದು ಗಂಬಳಿಯ ಮೇಲೆ ಗಾಳಿಯನ್ನು ಜೋರಾಗಿ ಊದುತ್ತಿತ್ತು. ಎದ್ದ ಧೂಳು ಪೆಟ್ಟಿಗೆಯಲ್ಲಿ ಹೋಗಿ ಬೀಳಬೇಕೆಂಬುದು ಅವನ ಲೆಕ್ಕ. ನೋಡುತ್ತ ಕುಳಿತವರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಮೂವತ್ತು ವರ್ಷದ ಇಂಜಿನಿಯರ್ ಇದ್ದ. ಸೇತುವೆಗಳು, ಜಾತ್ರೆಯ ದೈತ್ಯ ಜಯಂಟ್ ವೀಲ್‌ಗಳು ಅವನ ಕಸುಬು. ವಿಯೆನ್ನಾ ನಗರದಲ್ಲಿ 1897ರಲ್ಲಿ ಕಟ್ಟಿದ, ಇಂದಿಗೂ ತಿರುಗುತ್ತಿರುವ ದೊಡ್ಡ ಚಕ್ರದ ವಿನ್ಯಾಸದಲ್ಲೂ ಅವನ ಕೈಯಿದೆ. ಧೂಳಿನ ಬಹುಪಾಲು ಪೆಟ್ಟಿಗೆಗೆ ಹೋಗದೆ ಮರಳಿ ಗಂಬಳಿಯ ಮೇಲೆಯೇ ಬೀಳುತ್ತಿರುವುದನ್ನು ಬೂತ್ ಗಮನಿಸಿದ. ಊದುವ ಬದಲು ಎಳೆಯಬಾರದೇಕೆ ಎಂದು ಕೇಳಿದ. ಅದು ಆಗದ ಮಾತು, ಹಲವರು ಮಾಡಿ ನೋಡಿ ಸೋತಿದ್ದಾರೆ ಎಂದು ಯಂತ್ರದವನು ಸಿಡುಕಿದ.

ಬೂತ್ ಕೆಲವು ದಿನ ಅದನ್ನೇ ಯೋಚಿಸಿದ. ಬಳಿಕ ವಿಕ್ಟೋರಿಯಾ ರಸ್ತೆಯ ಒಂದು ಹೋಟೆಲಿನಲ್ಲಿ, ಮಖಮಲ್ಲಿನ ಕುರ್ಚಿಯ ಬೆನ್ನಿಗೆ ಬಾಯಿಟ್ಟು ಜೋರಾಗಿ ಉಸಿರೆಳೆದ. ಉಸಿರುಕಟ್ಟಿ ಒದ್ದಾಡಿದ. ಈ ಸಂಗತಿಯನ್ನು ಆತನೇ ಮುಂದೆ ಬರೆದಿಟ್ಟಿದ್ದಾನೆ. ಜನಪ್ರಿಯವಾಗಿರುವ ಕಥೆಯಲ್ಲಿ ಒಂದು ಕರವಸ್ತ್ರವೂ ಬರುತ್ತದೆ. ಬಾಯಿಗೂ ಬಟ್ಟೆಗೂ ನಡುವೆ ಕರವಸ್ತ್ರವಿಟ್ಟು ಎಳೆದಾಗ, ಕರವಸ್ತ್ರದ ಮೇಲೆ ಧೂಳಿನ ಕರಿಯ ಗುರುತು ಮೂಡಿತಂತೆ. ಆ ಗುರುತೇ ವ್ಯಾಕ್ಯೂಮ್ ಕ್ಲೀನರಿನ ಜನ್ಮಪತ್ರ. ಎಳೆಯಬಹುದು, ಆದರೆ ಎಳೆದ ಗಾಳಿ ಬಟ್ಟೆಯೊಂದನ್ನು ಹಾದು ಬರಬೇಕು. ಅದೇ ವರ್ಷ ಬೂತ್ ಪೇಟೆಂಟ್ ಪಡೆದ. ವ್ಯಾಕ್ಯೂಮ್ ಕ್ಲೀನರ್ ಎಂಬ ಹೆಸರನ್ನು ಬಳಕೆಗೆ ತಂದವನೂ ಅವನೇ.

ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಕರವಸ್ತ್ರವಿಲ್ಲದೆ ಎಳೆದ ಬೂತ್ ತನ್ನ ಉಸಿರನ್ನೇ ಕಟ್ಟಿಸಿಕೊಂಡ. ನಾನು ಯಂತ್ರದ ಕರವಸ್ತ್ರಗಳನ್ನು ಕಿತ್ತು ಬಿಸಾಡಿ ಹೆಂಡತಿಯ ಉಸಿರನ್ನು ಕಟ್ಟಿಸಿದೆ. ನಾನು ರಿಪೇರಿ ಮಾಡಿದ ಯಂತ್ರ ಎಂಪೈರ್ ಹಾಲಿನಲ್ಲಿ ಸೋತ ಆ ಊದುವ ಯಂತ್ರವೇ ಆಗಿತ್ತು.

ಇಲ್ಲಿ ಎಳೆಯುವುದು ಎಂಬ ಮಾತನ್ನೂ ಸ್ವಲ್ಪ ತಿದ್ದಬೇಕು. ತರಗತಿಯಲ್ಲಿ ಹೇಳುತ್ತಿದ್ದುದು ಕೆಲವರಿಗೆ ನೆನಪಿರಬಹುದು, ನಿರ್ವಾತವು ಯಾವುದನ್ನೂ ಎಳೆಯುವುದಿಲ್ಲ. ನಮ್ಮ ಸುತ್ತಲಿನ ಗಾಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಒತ್ತುತ್ತಿದೆ. ಇಟಲಿಯ ಟಾರಿಸೆಲ್ಲಿ 1640ರ ದಶಕದಲ್ಲೇ ಪಾದರಸದ ಕೊಳವೆಯಿಂದ ಇದನ್ನು ತೋರಿಸಿದ್ದ. ಮನೆಯ ವ್ಯಾಕ್ಯೂಮ್ ಕ್ಲೀನರ್ ಒಳಗಿನ ಒತ್ತಡವನ್ನು ಹೆಚ್ಚೆಂದರೆ ಐದನೆಯ ಒಂದು ಭಾಗದಷ್ಟು ಇಳಿಸುತ್ತದೆ. ಕೋಣೆಯ ಗಾಳಿ ಆ ತಗ್ಗಿಗೆ ನುಗ್ಗುತ್ತದೆ, ನುಗ್ಗುವಾಗ ಧೂಳನ್ನು ತನ್ನೊಡನೆ ಹೊತ್ತೊಯ್ಯುತ್ತದೆ. ಹೀಗೆ ಒಳಬಂದ ಗಾಳಿಯೆಲ್ಲ ಹೊರಗೂ ಹೋಗಲೇಬೇಕು. ಹೋಗುವಾಗ ಧೂಳನ್ನು ಬಿಟ್ಟುಹೋಗುವಂತೆ ಮಾಡುವುದೊಂದೇ ಯಂತ್ರದ ಕೆಲಸ.

ಬೂತ್‌ನ ಮೊದಲ ಯಂತ್ರ ಮನೆಯೊಳಗೆ ಹಿಡಿಸುವಂಥದ್ದಲ್ಲ. ಕೆಂಪು ಬಣ್ಣದ ಆ ಗಾಡಿಯನ್ನು ಕುದುರೆಗಳು ಎಳೆಯುತ್ತಿದ್ದವು. ಪೆಟ್ರೋಲ್ ಇಂಜಿನ್ ಪಂಪನ್ನು ಓಡಿಸುತ್ತಿತ್ತು. ಗಾಡಿ ಬೀದಿಯಲ್ಲಿ ನಿಲ್ಲುತ್ತಿತ್ತು, ಸಮವಸ್ತ್ರದ ಆಳುಗಳು ಉದ್ದನೆಯ ಕೊಳವೆಗಳನ್ನು ಕಿಟಕಿಗಳ ಮೂಲಕ ಒಳಗೆ ಒಯ್ಯುತ್ತಿದ್ದರು. ಶ್ರೀಮಂತರ ಮನೆಗಳಲ್ಲಿ ಇದನ್ನು ನೋಡಲೆಂದೇ ನೆಂಟರನ್ನು ಚಹಾಕ್ಕೆ ಕರೆಯುತ್ತಿದ್ದರಂತೆ. 1902ರಲ್ಲಿ ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬೆಯ ನೀಲಿ ಗಂಬಳಿಗಳನ್ನು ಈ ಯಂತ್ರದಿಂದಲೇ ಸ್ವಚ್ಛಗೊಳಿಸಿದರು. ರಾಜಮನೆತನ ಮೆಚ್ಚಿದ ಮೇಲೆ ಬೂತ್‌ನ ಕಂಪನಿಗೆ ಕೆಲಸಕ್ಕೆ ಕೊರತೆಯಾಗಲಿಲ್ಲ.

ಆದರೆ ಸಾಮಾನ್ಯರ ಮನೆಗೆ ಈ ಯಂತ್ರವನ್ನು ತಂದವನು ಒಬ್ಬ ಉಬ್ಬಸದ ರೋಗಿ. ಅಮೆರಿಕದ ಒಹಾಯೋ ರಾಜ್ಯದ ಕ್ಯಾಂಟನ್ ಊರಿನ ದೊಡ್ಡ ಅಂಗಡಿಯೊಂದರಲ್ಲಿ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್ ಎಂಬಾತ ಕಸ ಗುಡಿಸುವ ಕೆಲಸದಲ್ಲಿದ್ದ. ವಯಸ್ಸು ಅರವತ್ತರ ಹತ್ತಿರ. ಈ ಹಿಂದೆ ಹಲವು ಉಪಕರಣಗಳನ್ನು ಕಂಡುಹಿಡಿದಿದ್ದರೂ ಹಣ ಕಂಡವನಲ್ಲ. ರಾತ್ರಿ ಗಂಬಳಿಗಳ ಮೇಲೆ ಗಾಲಿಬ್ರಷ್ ಓಡಿಸಿದರೆ ಧೂಳೆದ್ದು ಅವನಿಗೆ ಉಸಿರಾಡುವುದೇ ಕಷ್ಟವಾಗುತ್ತಿತ್ತು. ಕೆಲಸ ಬಿಡುವಂತಿಲ್ಲ, ಧೂಳು ಬಿಡುವುದಿಲ್ಲ. 1907ರಲ್ಲಿ ಆತ ವಿದ್ಯುತ್ ಫ್ಯಾನಿನ ಮೋಟಾರೊಂದನ್ನು ಬ್ರಷ್ಷಿಗೆ ಜೋಡಿಸಿ, ಪೊರಕೆಯ ಕೋಲನ್ನು ಹಿಡಿಕೆಯಾಗಿ ಕಟ್ಟಿದ. ಎಳೆದ ಧೂಳನ್ನು ಹಿಡಿಯಲು ಒಂದು ದಿಂಬಿನ ಗವಸನ್ನು ಹಿಂದಕ್ಕೆ ತೂಗುಹಾಕಿದ. ಮೋಟಾರ್, ಬ್ರಷ್, ಕೋಲು ಎಲ್ಲವೂ ಆಗಲೇ ಲೋಕದಲ್ಲಿದ್ದ ವಸ್ತುಗಳು. ಅವನ ಎದೆಯನ್ನು ಕಾಪಾಡಿದ್ದು ದಿಂಬಿನ ಗವಸು.

1908ರ ಜೂನ್ 2ರಂದು ಸ್ಪ್ಯಾಂಗ್ಲರನಿಗೆ ಪೇಟೆಂಟ್ ಸಿಕ್ಕಿತು. ಹೆಚ್ಚು ಯಂತ್ರಗಳನ್ನು ಮಾಡಲು ಬಂಡವಾಳವಿರಲಿಲ್ಲ. ಪರಿಚಯದ ಸೂಸನ್ ಹೂವರ್ ಎಂಬಾಕೆ ಯಂತ್ರವನ್ನು ಮನೆಯಲ್ಲಿ ಬಳಸಿ ನೋಡಿ ಮೆಚ್ಚಿ, ಗಂಡ ವಿಲಿಯಂ ಹೂವರ್‌ಗೆ ತೋರಿಸಿದಳು. ಆತನದು ಚರ್ಮದ ವ್ಯಾಪಾರ, ಕುದುರೆಯ ಜೀನು, ಲಗಾಮು ಇತ್ಯಾದಿ. ಮೋಟಾರು ಕಾರುಗಳು ಬರತೊಡಗಿ ಕುದುರೆಯ ಕಾಲ ಮುಗಿಯುತ್ತಿರುವುದು ಅವನಿಗೆ ಕಾಣುತ್ತಿತ್ತು. ಪೇಟೆಂಟನ್ನು ಕೊಂಡ. ಹತ್ತು ದಿನ ಮನೆಯಲ್ಲಿ ಪುಕ್ಕಟೆಯಾಗಿ ಬಳಸಿ ನೋಡಿ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಮುಂದೆ ಇಂಗ್ಲೆಂಡಿನಲ್ಲಿ ಯಂತ್ರದಿಂದ ಧೂಳು ತೆಗೆಯುವುದಕ್ಕೇ ಹೂವರ್ ಮಾಡುವುದು ಎಂಬ ಮಾತು ಬಂತು. ಸ್ಪ್ಯಾಂಗ್ಲರ್ 1915ರಲ್ಲಿ ತೀರಿಕೊಂಡ. ಅವನ ಹೆಸರು ಯಾವ ಭಾಷೆಯ ಕ್ರಿಯಾಪದವೂ ಆಗಲಿಲ್ಲ.

ಧೂಳನ್ನು ಬಟ್ಟೆಯಲ್ಲಿ ಹಿಡಿದರೆ ಅದರಿಂದಲೇ ಇನ್ನೊಂದು ತೊಂದರೆ ಹುಟ್ಟುತ್ತದೆ. ಬಟ್ಟೆಯ ಕಣ್ಣು ದೊಡ್ಡದಾದರೆ ಧೂಳು ನುಸುಳುತ್ತದೆ, ಚಿಕ್ಕದಾದರೆ ಬೇಗ ಕಟ್ಟಿಕೊಳ್ಳುತ್ತದೆ. ನನ್ನ ಯಂತ್ರಕ್ಕೆ ಬಂದ ಕಾಯಿಲೆ ಇದೇ. ಇಂಗ್ಲೆಂಡಿನ ಜೇಮ್ಸ್ ಡೈಸನ್ 1970ರ ದಶಕದ ಕೊನೆಯಲ್ಲಿ ತನ್ನ ಮನೆಯ ಯಂತ್ರದ ಎಳೆತ ಕುಂದಿದ್ದು ಕಂಡು ಬೇಸತ್ತು ಚೀಲ ಬಿಚ್ಚಿದಾಗ ಕಂಡದ್ದೂ ಇದೇ. ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಗಾಳಿಯನ್ನು ಶಂಕುವಿನಾಕಾರದ ದೊಡ್ಡ ಡಬ್ಬಿಯಲ್ಲಿ ಸುಳಿಯಂತೆ ತಿರುಗಿಸಿ ಪುಡಿಯನ್ನು ಬೇರ್ಪಡಿಸುವುದನ್ನು ಆತ ನೋಡಿದ್ದ. ನಮ್ಮ ಹೆಂಗಸರು ಕಾಳನ್ನು ಜರಡಿ ಹಿಡಿಯುವುದೂ ಉಂಟು, ಮೊರದಲ್ಲಿ ಕೇರುವುದೂ ಉಂಟು. ಚೀಲವೆಂದರೆ ಜರಡಿ. ಡೈಸನ್ ಜರಡಿ ಬಿಟ್ಟು ಕೇರುವ ದಾರಿ ಹಿಡಿದ. 5,127 ಮಾದರಿಗಳನ್ನು ಮಾಡಿದ ಮೇಲೆ ಅವನಿಗೆ ತೃಪ್ತಿಯಾಯಿತು. ಸ್ವಂತ ಹೆಸರಿನ ಯಂತ್ರವನ್ನು ಬ್ರಿಟನ್ನಿನಲ್ಲಿ ಮಾರಾಟಕ್ಕೆ ತಂದದ್ದು 1993ರಲ್ಲಿ. ಆದರೆ ಚೀಲ ಬೇಡವೆಂದ ಅವನ ಯಂತ್ರದಲ್ಲೂ ಅತಿ ನುಣುಪು ಧೂಳಿಗಾಗಿ ಫಿಲ್ಟರ್ ಇದ್ದೇ ಇದೆ.

ನಾನು ಬಿಸಾಡಿದ ಹಿಂಬದಿಯ ಬಿಳಿಯ ತುಂಡಿನ ವಂಶ ಇನ್ನೂ ದೊಡ್ಡದು. ಈಗಿನ ಜಾಹೀರಾತುಗಳಲ್ಲಿ ಕಾಣುವ ಹೆಪಾ ಫಿಲ್ಟರ್ ಹುಟ್ಟಿದ್ದು 1940ರ ದಶಕದಲ್ಲಿ, ಅಮೆರಿಕದ ಅಣು ಸಂಶೋಧನೆಯ ಕಾಲದಲ್ಲಿ. ವಿಕಿರಣದ ಕಣಗಳು ಗಾಳಿಯಲ್ಲಿ ಹೊರಹೋಗದಂತೆ ತಡೆಯಲು ಅದನ್ನು ರೂಪಿಸಿದರು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ಹಿಡಿಯುವ ಫಿಲ್ಟರಿಗೆ ಅಮೆರಿಕದಲ್ಲಿ ಆ ಹೆಸರು. ನಮ್ಮ ಯಂತ್ರದ್ದು ಅಷ್ಟು ಉತ್ತಮ ದರ್ಜೆಯದಲ್ಲ. ಆದರೂ ಕಸದ ಬುಟ್ಟಿಗೆ ಹಾಕುವಂಥದ್ದಾಗಿರಲಿಲ್ಲ.

ಇಷ್ಟು ಓದಿದ ಮೇಲೆ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು, ಮಿಕ್ಸಿ, ಪಂಪುಗಳ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಹೋದೆ. ಅಷ್ಟರಲ್ಲಿ ಮೋಟಾರಿನಿಂದ ಕಿಡಿ ಕಾಣತೊಡಗಿತ್ತು. ಅವನು ಬಿಚ್ಚಿ ನೋಡಿದ. ಕಮ್ಯುಟೇಟರ್ ಎಂಬ ತಾಮ್ರದ ಪಟ್ಟಿಗಳ ಉರುಳೆ ಕಪ್ಪಾಗಿತ್ತು. ಅದಕ್ಕೆ ಒತ್ತಿಕೊಂಡಿರುವ ಎರಡು ಕಾರ್ಬನ್ ಬ್ರಷ್ಷುಗಳು ಬೆರಳುಗುರಿನಷ್ಟು ಮಾತ್ರ ಉಳಿದಿದ್ದವು. ಒಳಗೆಲ್ಲ ಬಿಳಿ ಸಿಮೆಂಟಿನ ಪುಡಿ.

"ಫಿಲ್ಟರ್ ಎಲ್ಲಿ ಸಾರ್?" ಎಂದ.

"ಬಿಸಾಕಿದೆ" ಎಂದೆ.

ಅವನು ನಗಲಿಲ್ಲ. "ಎಂಟನೇ ಕ್ಲಾಸಲ್ಲಿ ಮರಳು ನೀರು ಬೆರೆಸಿ, ಫಿಲ್ಟರ್ ಪೇಪರ್‌ನಲ್ಲಿ ಸೋಸಿ ತೋರಿಸಿದ್ರಿ ಸಾರ್. ಪೇಪರ್ ತೂತಾದ್ರೆ ಪ್ರಯೋಗಾನೇ ಹಾಳು ಅಂತ ಬೈದಿದ್ರಿ. ನಂದೇ ತೂತಾಗಿತ್ತು" ಎಂದಷ್ಟೇ ಹೇಳಿದ.

ನುಣುಪಾದ ಉಪ್ಪುಕಾಗದದಿಂದ ಕಮ್ಯುಟೇಟರನ್ನು ಉಜ್ಜಿ, ಅದೇ ಅಳತೆಯ ಹೊಸ ಕಾರ್ಬನ್ ಬ್ರಷ್ಷುಗಳನ್ನು ಹಾಕಿ, ಒಳಗಿನ ಪುಡಿಯನ್ನು ತೆಗೆದು, ಮುಚ್ಚಳದ ಸಡಿಲವಾಗಿದ್ದ ರಬ್ಬರ್ ವಾಷರನ್ನೂ ಬದಲಾಯಿಸಿದ. ಫಿಲ್ಟರುಗಳು ಊರಿನಲ್ಲಿ ಸಿಗಲಿಲ್ಲ, ತರಿಸಲು ಎರಡು ವಾರ ಹಿಡಿಯಿತು. ಬನಿಯನ್ ಬಟ್ಟೆ ಇಟ್ಟು ಓಡಿಸಲೇ ಎಂದು ಕೇಳಿದೆ. "ಬೇಡ ಸಾರ್, ಬರೋವರೆಗೂ ಯಂತ್ರವನ್ನೇ ಮುಟ್ಟಬೇಡಿ" ಎಂದ. ಹಾಗೆಯೇ ಮಾಡಿದೆ. ಆ ಎರಡು ವಾರ ದಿನವೂ ಒದ್ದೆ ಬಟ್ಟೆಯಿಂದ ನೆಲ ಒರೆಸಿದೆ. ಅಮ್ಮನ ಪದ್ಧತಿಗೆ ಮರಳಿದ್ದಾಯಿತು.

ಈಗ ನಮ್ಮ ಮನೆಯ ನಿಯಮ ಹೀಗಿದೆ. ಸಿಮೆಂಟು, ರಂಗೋಲಿ, ಬೂದಿಯ ಹತ್ತಿರ ಯಂತ್ರ ಹೋಗುವುದಿಲ್ಲ, ಅದಕ್ಕೆ ಒದ್ದೆ ಬಟ್ಟೆಯೇ ಸರಿ. ಚೀಲವನ್ನು ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಡವುತ್ತೇನೆ. ಸ್ಪಂಜಿನ ಫಿಲ್ಟರನ್ನು ತಿಂಗಳಿಗೊಮ್ಮೆ ಬರಿಯ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹಾಕುತ್ತೇನೆ. ಹಸಿಯಿದ್ದರೆ ಧೂಳು ಕೆಸರಾಗುತ್ತದೆ, ಮೋಟಾರಿಗೂ ಕೇಡು. ಹಿಂಬದಿಯ ಕಾಗದದಂಥ ಫಿಲ್ಟರನ್ನು ತೊಳೆಯುವಂತಿಲ್ಲ, ಕೊಳೆಯಾದರೆ ಹೊಸದನ್ನೇ ಹಾಕಬೇಕು. ಎಳೆತ ಕಡಿಮೆಯಾದರೆ ಏನನ್ನು ತೆಗೆದುಹಾಕಲಿ ಎಂದು ಕೇಳದೆ, ಏನನ್ನು ಸ್ವಚ್ಛ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ. ಯಂತ್ರ ಓಡುವಾಗ ಹೆಂಡತಿ ಮಹಡಿಯ ಮೇಲಿರುತ್ತಾಳೆ, ಕಿಟಕಿಗಳು ತೆರೆದಿರುತ್ತವೆ.

ಅವಳ ಆ ರಾತ್ರಿಗೆ ಯಂತ್ರವೊಂದೇ ಕಾರಣವೆಂದು ವೈದ್ಯರು ಹೇಳಲಿಲ್ಲ. ಚಳಿಯಿತ್ತು, ರಸ್ತೆಯ ಕೆಲಸವಿತ್ತು. ಆದರೆ ಹೊಸ ಫಿಲ್ಟರ್ ಹಾಕಿದ ಮೇಲೆ ಯಂತ್ರ ಓಡಿಸಿದ ದಿನಕ್ಕೂ ಓಡಿಸದ ದಿನಕ್ಕೂ ಅವಳ ಉಸಿರಿನಲ್ಲಿ ವ್ಯತ್ಯಾಸ ಕಾಣುತ್ತಿಲ್ಲ. ನನಗೆ ಅಷ್ಟು ಸಾಕ್ಷಿ ಸಾಕು. ಅವಳು ಎರಡು ಸಲ ಹೇಳಿದ್ದಳು. ಎರಡು ಸಲವೂ ನಾನು ಪಾಠ ಹೇಳಿದ್ದೆ. ಅದಕ್ಕಾಗಿ ಅವಳಲ್ಲಿ ಕ್ಷಮೆ ಕೇಳಿದಾಗ, "ಮೊದಲು ಹಗ್ಗದ ಮೇಲಿರೋ ಆ ಕರೀ ತುಂಡು ತೆಗೀರಿ, ಮಳೆ ಬರೋ ಹಾಗಿದೆ" ಎಂದಳು. ತೆಗೆದು ತಂದೆ. ಇನ್ನೂ ಸ್ವಲ್ಪ ಹಸಿಯಿತ್ತು. ಆ ಭಾನುವಾರ ಯಂತ್ರ ಓಡಿಸಲಿಲ್ಲ.